ಎಂಟಿಆರ್: ಹಲವು ವರ್ಷ ಬಳಸಿದ ಮೇಲೆ, ಹೊಸಬರ ಕಣ್ಣಿನಿಂದ ಒಂದು ವಿಮರ್ಶೆ

ರೇಟಿಂಗ್: 5ಕ್ಕೆ 4

ನೆಟ್ ನಿಧಾನ ಅಂತ ಯಾರೇ ಬಂದು ಹೇಳಿದರೂ ಟರ್ಮಿನಲ್‌ನಲ್ಲಿ ನಾನು ಮೊದಲು ಓಡಿಸುವುದು ಎಂಟಿಆರ್. ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಪಿಂಗ್, ದಾರಿಯಲ್ಲಿ ಸಿಗುವ ರೂಟರ್‌ಗಳನ್ನು ಪಟ್ಟಿ ಮಾಡುವ ಟ್ರೇಸ್‌ರೂಟ್, ಈ ಎರಡರ ಕೆಲಸವನ್ನೂ ಒಂದೇ ಪರದೆಯಲ್ಲಿ ಮಾಡುವ ಈ ಉಚಿತ ಟೂಲನ್ನು 1997ರಲ್ಲಿ ಮ್ಯಾಟ್ ಕಿಂಬಲ್ ಶುರು ಮಾಡಿದರು, ಮರುವರ್ಷದಿಂದ ರೋಜರ್ ವುಲ್ಫ್ ನೋಡಿಕೊಂಡು ಬಂದರು. ಉಬುಂಟುವಿನಲ್ಲಿ ಒಂದು ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಮ್ಯಾಕ್‌ನಲ್ಲಿ ಸುಡೊ (ಅಡ್ಮಿನ್ ಅನುಮತಿ) ಹಾಕಿಯೇ ಓಡಿಸಬೇಕು, ಅದೊಂದು ಕಿರಿಕಿರಿ.

ಕಲಿಯುವವರಿಗೆ ಟ್ರೇಸ್‌ರೂಟ್‌ಗಿಂತ ಮೊದಲು ಇದನ್ನೇ ಕೊಡಿ. ಕಮಾಂಡ್, ಪಕ್ಕದಲ್ಲಿ ಸೈಟಿನ ಹೆಸರು, ಅಷ್ಟೇ ಸಾಕು. ದಾರಿಯ ಪ್ರತಿ ರೂಟರ್‌ಗೂ ಒಂದು ಸಾಲು, ಪ್ರತಿ ಸೆಕೆಂಡಿಗೂ ಅಂಕಿಗಳು ಬದಲಾಗುತ್ತಿರುತ್ತವೆ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ಇದನ್ನು ಓಡಿಸಿಕೊಂಡೇ ಲ್ಯಾಪ್‌ಟಾಪ್ ಹಿಡಿದು ಮೂಲೆಯ ಮೀಟಿಂಗ್ ರೂಮಿಗೆ ನಡೆಯಲು ಹೇಳಿದೆ. ಮೊದಲ ಸಾಲು, ಅಂದರೆ ನಮ್ಮದೇ ವೈಫೈ ರೂಟರ್, 3 ಮಿಲಿಸೆಕೆಂಡಿನಿಂದ 180ಕ್ಕೆ ಜಿಗಿಯಿತು. ತೊಂದರೆ ಹೊರಗಿನ ಲೈನಿನದಲ್ಲ, ಗೋಡೆಗಳದ್ದು ಅಂತ ಅವಳೇ ಹೇಳಿದಳು.

ಒಂದು ಸ್ಟಾರ್ ಕಡಿಮೆಯಾಗಿದ್ದು 'ಲಾಸ್' ಕಾಲಮ್ಮಿನಿಂದ. ಕಳಿಸಿದ ಪ್ಯಾಕೆಟ್‌ಗಳಲ್ಲಿ (ಡೇಟಾದ ತುಣುಕುಗಳಲ್ಲಿ) ಎಷ್ಟಕ್ಕೆ ಉತ್ತರ ಬರಲಿಲ್ಲ ಎಂಬ ಲೆಕ್ಕ ಅದು. ಐದನೇ ಸಾಲಿನಲ್ಲಿ 60% ಲಾಸ್, ಕೊನೆಯ ಸಾಲಿನಲ್ಲಿ, ಅಂದರೆ ನಾವು ತಲುಪಬೇಕಾದ ಸೈಟಿನಲ್ಲಿ, 0% ಅಂದುಕೊಳ್ಳಿ. ಹೊಸಬರು ಐದನೇ ರೂಟರ್ ಕೆಟ್ಟಿದೆ ಅಂದುಬಿಡುತ್ತಾರೆ. ಆ ಸಾಲಿಗೆ ಕೆಂಪು ಸುತ್ತು ಹಾಕಿ ಕಳಿಸಿದ ದೂರುಗಳು ಹಾಗೇ ವಾಪಸು ಬಂದದ್ದನ್ನು ನೋಡಿದ್ದೇನೆ. ನಿಜದಲ್ಲಿ ದೊಡ್ಡ ರೂಟರ್‌ಗಳು ಪ್ಯಾಕೆಟ್ ಮುಂದೆ ದಾಟಿಸುವುದನ್ನು ಹಾರ್ಡ್‌ವೇರ್‌ನಲ್ಲೇ ಮಾಡುತ್ತವೆ. ಟಿಟಿಎಲ್ (ಎಷ್ಟು ರೂಟರ್ ದಾಟಬಹುದೆಂಬ ಎಣಿಕೆ) ಮುಗಿದ ಪ್ಯಾಕೆಟ್‌ಗೆ ಉತ್ತರ ಬರೆಯುವ ಕೆಲಸ ಮಾತ್ರ ಅವುಗಳ ಸಿಪಿಯುಗೆ ಬೀಳುತ್ತದೆ, ಅದಕ್ಕೊಂದು ಮಿತಿ ಇಟ್ಟಿರುತ್ತಾರೆ. ಮಿತಿ ಮೀರಿದವಕ್ಕೆ ಉತ್ತರ ಬಾರದೆ ಅದು ಲಾಸ್ ಅಂತ ಕಾಣುತ್ತದೆ. ಹಾಗಾಗಿ ಮೊದಲು ಕೊನೆಯ ಸಾಲು ನೋಡಬೇಕು. ಒಂದು ಸಾಲಿನಲ್ಲಿ ಶುರುವಾದ ಲಾಸ್ ಕೊನೆಯವರೆಗೂ ಮುಂದುವರಿದರೆ ಮಾತ್ರ ಅನುಮಾನಪಡಿ. ಆಗಲೂ ಉತ್ತರಗಳು ಬೇರೆ ದಾರಿಯಲ್ಲಿ ವಾಪಸಾಗಿರಬಹುದು, ಆದ್ದರಿಂದ ಸಾಧ್ಯವಿದ್ದರೆ ಆ ತುದಿಯಿಂದಲೂ ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು.

ಇದ್ಯಾವುದನ್ನೂ ಪರದೆ ಹೇಳುವುದಿಲ್ಲ, ಹೇಳಬೇಕಿತ್ತು. ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ತೋರಿಸಿ, ಮುಂದಕ್ಕೆ ಸಾಗದ ಲಾಸನ್ನು ಮಂಕಾಗಿಸಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಇದು ಆಗದ ಕೆಲಸವೇನಲ್ಲ. ರಸ್ಟ್ ಭಾಷೆಯಲ್ಲಿ ಬರೆದ ಟ್ರಿಪ್ಪಿ ಎಂಬ ಟೂಲ್ ಇಂಥ ಲಾಸನ್ನು ಬೇರ್ಪಡಿಸಿ ಅಂದಾಜಿಸುತ್ತದೆ. ಆದರೆ ಅದರ ಪರದೆಯಲ್ಲಿ ಎಷ್ಟೊಂದು ತುಂಬಿದೆಯೆಂದರೆ ಮೊದಲ ದಿನವೇ ಯಾರಿಗೂ ಕೊಡಲು ನನಗೆ ಧೈರ್ಯವಿಲ್ಲ.

ಕೇಳಿದಷ್ಟು ಸುತ್ತು ಓಡಿ ಕೊನೆಗೆ ಒಮ್ಮೆಲೇ ಪಟ್ಟಿ ಕೊಡುವ ರಿಪೋರ್ಟ್ ಮೋಡ್‌ನಲ್ಲೂ ಇದೇ ಅಲಕ್ಷ್ಯ. 100 ಸುತ್ತು ಕೇಳಿದರೆ ಒಂದೂವರೆ ನಿಮಿಷಕ್ಕೂ ಹೆಚ್ಚು ಹೊತ್ತು, ಶುರುವಾದ ಸಮಯದ ಸಾಲೊಂದು ಬಿಟ್ಟರೆ ಪರದೆ ಖಾಲಿ. ಹ್ಯಾಂಗ್ ಆಯಿತೆಂದು ಜನ ಕಂಟ್ರೋಲ್-ಸಿ ಒತ್ತಿಬಿಡುತ್ತಾರೆ. ಎಷ್ಟನೇ ಸುತ್ತು ಎಂಬ ಎಣಿಕೆ ಕಂಡರೂ ಸಾಕಿತ್ತು.

ಓಡುತ್ತಿರುವಾಗಲೇ 'ಎನ್' ಕೀ ಒತ್ತಿದರೆ ಹೆಸರುಗಳು ಹೋಗಿ ಐಪಿ ವಿಳಾಸ ಬರುತ್ತದೆ, 'ಆರ್' ಒತ್ತಿದರೆ ಲೆಕ್ಕ ಸೊನ್ನೆಯಿಂದ ಶುರು. ಕೇಬಲ್ ಬದಲಿಸಿದ ಕೂಡಲೇ 'ಆರ್' ಒತ್ತಿ, ಹಳೆಯ ಲಾಸ್ ಹೊಸ ಸರಾಸರಿಯಲ್ಲಿ ಬೆರೆಯುವುದಿಲ್ಲ.