ಶಿವಮೊಗ್ಗದ ಉಚಿತ ಕಾನೂನು ನೆರವು: ಮಾನಸಿಕ ಕಾಯಿಲೆ ಇರೋರ ಮೇಲೆ ಕೇಸಾದಾಗ

ಸರ್ಕಾರ ಕೊಡೋ ಬಿಟ್ಟಿ ವಕೀಲರು ಸುಮ್ನೆ ಹೆಸರಿಗೆ ಮಾತ್ರ ಅಂತ ನಮ್ಮೂರಲ್ಲಿ ಮಾತಿದೆ. ನಮಗೆ ಸಿಕ್ಕವರು ಹಾಗಿರಲಿಲ್ಲ.

ನಮ್ಮ ಚಿಕ್ಕಪ್ಪನ ಮಗನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರೆ ತರೋದು ತಪ್ಪಿತು, ಪೇಟೆಯಲ್ಲಿ ಒಂದು ಅಂಗಡಿಯ ಗಾಜು ಒಡೆದು ತಡೆಯೋಕೆ ಬಂದವರ ಮೇಲೂ ಕೈ ಮಾಡಿದ. ಕೇಸಾಯಿತು. ಠಾಣೆಯಲ್ಲಿ "ಎಲ್ಲಾ ನಾಟಕ" ಅಂದುಬಿಟ್ಟರು. ಆಮೇಲೆ ಹೋಗಿದ್ದು ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಬಂಧನದಲ್ಲಿ ಇರೋರಿಗೆ ಆದಾಯ ಎಷ್ಟೇ ಇರಲಿ, ವಕೀಲರ ಫೀಸಿಲ್ಲ.

ವಕೀಲೆ ಮೇಡಂ ಮೊದಲು ಕೇಳಿದ್ದು ಆಸ್ಪತ್ರೆ ಚೀಟಿ. ಚಿಕ್ಕಮ್ಮ ರೇಷನ್ ಕಾರ್ಡಿನ ಕವರಿನಲ್ಲಿ ಮಡಚಿಟ್ಟಿದ್ದನ್ನೆಲ್ಲ ಮೇಡಂ ತೆಗೆದು ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿದರು, ಕೊನೇ ಚೀಟಿಗೂ ಗಲಾಟೆ ಆದ ದಿನಕ್ಕೂ ಎಷ್ಟು ಅಂತರ ಅಂತ ಲೆಕ್ಕ ಹಾಕಿ ಪೆನ್ಸಿಲಿನಲ್ಲಿ ಗುರುತು ಮಾಡಿದರು. "ಅಮ್ಮಾ, ನ್ಯಾಯಾಧೀಶರಿಗೆ ತೋರಿಸಬೇಕಾದ್ದು ಇದನ್ನೇ" ಅಂದರು.

ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ಹೇಗೆ ನಡೀಬೇಕು ಅಂತ ಹೇಳೋ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 367ನೇ ಕಲಂ ಪ್ರಕಾರ, ಆರೋಪಿಗೆ ಕೇಸು ಎದುರಿಸೋ ಮನಸ್ಥಿತಿ ಇಲ್ಲ ಅಂತ ಅನಿಸಿದರೆ ಮ್ಯಾಜಿಸ್ಟ್ರೇಟ್ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಅದು ಖಚಿತವಾಗಿ, ಅಡ್ಮಿಟ್ ಮಾಡಲೇಬೇಕಾದಷ್ಟು ಕಾಯಿಲೆ ಇಲ್ಲದಿದ್ದರೆ, 369ನೇ ಕಲಂ ಅಡಿ ಜಾಮೀನು. ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಚಿಕಿತ್ಸೆ ಕೊಡಿಸ್ತೀವಿ, ಯಾರಿಗೂ ತೊಂದರೆಯಾಗದಂತೆ ನೋಡ್ಕೋತೀವಿ ಅಂತ ಮನೆಯವರೋ ಸ್ನೇಹಿತರೋ ಒಪ್ಪಿಕೊಳ್ಳಬೇಕು. ಜಾಮೀನು ಸಿಗದ ಕೇಸಿಗೂ ಇದು ಅನ್ವಯಿಸುತ್ತೆ. ಇಷ್ಟು ಒಳ್ಳೆ ಅವಕಾಶ ಎಷ್ಟು ಮನೆಯವರಿಗೆ ಗೊತ್ತು ಹೇಳಿ? ಚಿಕ್ಕಪ್ಪ ಮುಚ್ಚಳಿಕೆ ಬರೆದುಕೊಟ್ಟರು, ಹುಡುಗ ಮನೆಗೆ ಬಂದ. ಈಗ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಮನೋವೈದ್ಯರಿಗೆ ತೋರಿಸ್ತಾರೆ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಕಡಿಮೆ ಮಾಡಿದ್ದು ಮೇಡಂ ಕೆಲಸಕ್ಕಲ್ಲ, ವ್ಯವಸ್ಥೆಗೆ. ಹುಷಾರಾದ ಮೇಲೆ ಕೇಸು ಮತ್ತೆ ನಿಂತಲ್ಲಿಂದಲೇ ಶುರುವಾಗಬಹುದು. ಅಮೆರಿಕದ ಫ್ಲಾರಿಡಾದಲ್ಲಿ ಬ್ರೋವರ್ಡ್ ಕೌಂಟಿಯವರು ಇಂಥವರಿಗೆ ಅಂತಲೇ 1997ರಲ್ಲಿ ಬೇರೆ ಕೋರ್ಟ್ ಮಾಡಿದರು, ಜೈಲಿನ ಬದಲು ಚಿಕಿತ್ಸೆಗೆ ಕಳಿಸೋಕೆ. ನಮ್ಮ ಜಿಲ್ಲೆಗೂ ಅಂಥದ್ದೊಂದು ಬೇಕೇ ಬೇಕು.

ನಿಮ್ಮನೇಲೂ ಇಂಥ ಕಷ್ಟ ಬಂದಿದ್ದರೆ ಕಾನೂನು ನೆರವಿಗೆ 15100, ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416. ಚಾರ್ಜ್‌ಶೀಟ್ ಬರಲಿ ಅಂತ ಕಾಯಬೇಡಿ, ಮೊದಲ ದಿನವೇ ಕರೆ ಮಾಡಿ.