ಸಿಹಿ ಸೈಡರ್, ಒಗರು ಸೈಡರ್, ಅಪ್ಪೆಹುಳಿ: ಒಂದು ಎದೆಯುರಿಯ ಲೆಕ್ಕ

ನಮ್ಮ ಕಡೆ ಹೊಟ್ಟೆಯ ಯಾವ ತಕರಾರಿಗೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ನನ್ನದು ಅದರಲ್ಲಿ ಎದೆಯುರಿಯ ಜಾತಿ. ಉಂಡದ್ದು ಗಂಟಲಿಗೆ ಮರಳುತ್ತದೆ, ರಾತ್ರಿ ಎರಡಕ್ಕೆ ಹುಳಿತೇಗು ಎಬ್ಬಿಸುತ್ತದೆ, ಬೆಳಿಗ್ಗೆ ದನಿ ಒಡೆದಿರುತ್ತದೆ. ಎಂಡೋಸ್ಕೋಪಿ ಮಾಡಿದ ವೈದ್ಯರು ಎಂಟು ವಾರಕ್ಕೆ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಬರೆದುಕೊಟ್ಟು, ಮದ್ಯ ಬಿಟ್ಟರೆ ಒಳ್ಳೆಯದು ಎಂದರು. ಮಾತ್ರೆ ಮುಗಿಸಿದೆ. ಬಿಯರ್, ವಿಸ್ಕಿ ಬಿಟ್ಟೆ. ಸೇಬಿನ ರಸ ಹುದುಗಿಸಿ ಮಾಡುವ ಮದ್ಯ, ಸೈಡರ್, ಅದನ್ನು ಬಿಡಲು ಮಾತ್ರ ಮನಸ್ಸಾಗಲಿಲ್ಲ. ಹಾಗಾಗಿ ಇದು ವೈದ್ಯರ ಮಾತನ್ನು ಮುಕ್ಕಾಲು ಪಾಲು ಮಾತ್ರ ಕೇಳಿದವನ ಬರಹ. ನುಂಗಲು ಕಷ್ಟವಾಗುತ್ತಿರುವವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ಮಲ ಕಪ್ಪಾಗಿ ಹೋಗುತ್ತಿರುವವರು ಇದನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಸೈಡರ್‌ನ ರುಚಿ ಹತ್ತಿದ್ದು ಮಗಳ ಮನೆಯಿರುವ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಅಳಿಯ ಒಂದು ಮಧ್ಯಾಹ್ನ ಸಾಮರ್‌ಸೆಟ್‌ನ ಸೇಬಿನ ತೋಟವೊಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಮರದ ಪೀಪಾಯಿಯಿಂದ ನೇರವಾಗಿ ಬಗ್ಗಿಸಿ ಕೊಟ್ಟರು. ಮಸುಕು ಬಣ್ಣ, ನೊರೆಯಿಲ್ಲ, ಗುಳ್ಳೆಯಿಲ್ಲ. ಬಾಯಿಗೆ ಹಾಕಿದರೆ ಎಳೆಯ ಅಡಿಕೆ ಜಗಿದ ಹಾಗೆ ನಾಲಿಗೆ ಹಿಡಿಯಿತು. ಶಿರಸಿಯಲ್ಲಿ ಹುಟ್ಟಿದವನಿಗೆ ಅದು ಅಪರಿಚಿತವೇನಲ್ಲ; ಅಡಿಕೆಯ ಒಗರಿಗೂ ಆ ಸೇಬಿನ ಒಗರಿಗೂ ಟ್ಯಾನಿನ್ ಎಂಬ ಒಂದೇ ಮೂಲ. ಅರ್ಧ ಪೈಂಟ್, ಅಂದರೆ 284 ಮಿಲಿಲೀಟರ್ ಕುಡಿದು, ರಾತ್ರಿಗಾಗಿ ಹೆದರಿಕೊಂಡೇ ಕಾದೆ. ಏನೂ ಆಗಲಿಲ್ಲ.

ಕಾರವಾರಕ್ಕೆ ಮರಳಿದ ಮೇಲೆ ಆ ಧೈರ್ಯದಲ್ಲಿ ಗೋವಾದ ಬಸ್ ಹತ್ತಿದೆ. ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ ದಾಟಿದರೆ ಆ ಕಡೆ ಕಾಣಕೋಣ. ಪರವಾನಗಿಯಿಲ್ಲದೆ ಬಾಟಲಿಯನ್ನು ಈಚೆಗೆ ತರುವಂತಿಲ್ಲ, ಮಾಜಾಳಿಯಲ್ಲಿ ಚೀಲ ಬಿಚ್ಚಿಸುತ್ತಾರೆ. ಹಾಗಾಗಿ ಸೈಡರ್‌ನ ಪರೀಕ್ಷೆಯೆಲ್ಲ ನಡೆದದ್ದು ಅಲ್ಲಿನ ಒಂದು ಖಾನಾವಳಿಯ ಮೂಲೆಯ ಮೇಜಿನಲ್ಲಿ. ಫಲಿತಾಂಶ ಬರುತ್ತಿದ್ದುದು ಕಾರವಾರದ ನನ್ನ ಮಂಚದ ಮೇಲೆ. ಹಳೆಯ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟೆ: ಉರಿಯಿಲ್ಲದಿದ್ದರೆ ಸೊನ್ನೆ, ಬರೀ ತೇಗಾದರೆ ಒಂದು, ರಾತ್ರಿ ಎದ್ದು ಕೂತರೆ ಎರಡು. ಪ್ರತಿಯೊಂದಕ್ಕೂ ಮೂರು ಅವಕಾಶ. ಒಂದೇ ಸಲಕ್ಕೆ ಯಾವುದನ್ನೂ ಗಲ್ಲಿಗೇರಿಸಬಾರದಲ್ಲ.

ಮೊದಲು ಸಿಹಿ ಸೈಡರ್, 330 ಮಿಲಿಲೀಟರಿನ ಬಾಟಲಿ, ಮದ್ಯಾಂಶ ಶೇಕಡಾ 4.5. ಸಿಹಿ ಎಂದರೆ ಸೌಮ್ಯ ಎಂದುಕೊಂಡಿದ್ದೆ. ರಾತ್ರಿ ಎಂಟಕ್ಕೆ, ಬಾಂಗಡೆ ರವಾ ಫ್ರೈ ಜೊತೆ, ತಣ್ಣಗೆ ಕುಡಿದೆ. (ಶಿರಸಿಯ ಅಕ್ಕನ ಮುಂದೆ ಈ ಬಾಂಗಡೆಯ ಸುದ್ದಿ ಎತ್ತುವುದಿಲ್ಲ.) ಬಸ್ಸು ಮಾಜಾಳಿ ಮುಟ್ಟುವ ಮೊದಲೇ ಹುಳಿನೀರು ಗಂಟಲಿಗೆ ಬಂತು. ಮೂರು ಸಲಕ್ಕೂ ಎರಡೆರಡು ಅಂಕ. ಆಮೇಲೆ ಅದೇ ಹೊತ್ತು, ಅದೇ ಬಾಂಗಡೆ, ಲೇಬಲ್ಲಿನ ಮೇಲೆ ‘ಡ್ರೈ’ ಎಂದಿದ್ದ ಬಾಟಲಿ. ಸೇಬಿನ ರಸದ ಸಕ್ಕರೆಯನ್ನು ಯೀಸ್ಟ್ ಬಹುಪಾಲು ತಿಂದು ಮುಗಿಸಿದ್ದರೆ ಸಿಹಿ ಉಳಿಯುವುದಿಲ್ಲ, ಅದೇ ಡ್ರೈ. ಅಂಗಡಿಯ ಸಿಹಿ ಸೈಡರಿನಲ್ಲಿ ಹೆಚ್ಚಾಗಿ ಆಮೇಲೆ ಬೆರೆಸಿದ ಸಕ್ಕರೆಯೋ ರಸವೋ ಇರುತ್ತದೆ. ರುಚಿಯಲ್ಲಿ ಡ್ರೈ ಎಷ್ಟೋ ಮೇಲು. ಸಿಹಿಯದ್ದು ಶರಬತ್ತಿನ ಹಾಗೆ ಸರ್ರನೆ ಇಳಿದುಹೋಗುತ್ತದೆ, ಒಗರಿರುವುದನ್ನು ನಿಂತು ನಿಂತು ಕುಡಿಯಬೇಕಾಗುತ್ತದೆ. ಅಂಕ ಮಾತ್ರ ಎರಡು, ಒಂದು, ಎರಡು. ಹಾಗಾದರೆ ಸಾಮರ್‌ಸೆಟ್‌ನಲ್ಲಿ ನನ್ನನ್ನು ಕಾಪಾಡಿದ್ದು ಏನು?

ವ್ಯತ್ಯಾಸ ಗುಳ್ಳೆಯದು ಎಂದು ಹೊಳೆಯಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಮುಂದಿನ ಸಲ ಮಾಣಿಯಿಂದ ಎರಡು ಸ್ಟೀಲ್ ಲೋಟ ಕೇಳಿ ಪಡೆದು, ಡ್ರೈ ಸೈಡರನ್ನು ಚಹಾ ಆರಿಸುವ ಹಾಗೆ ಒಂದರಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಹೊಯ್ದೆ. ಪಕ್ಕದ ಮೇಜಿನವರು ಮಾತು ನಿಲ್ಲಿಸಿ ನೋಡಿದರು. ಸ್ಪೇನಿನ ಅಸ್ತೂರಿಯಾಸ್‌ನಲ್ಲಿ ಸೈಡರನ್ನು ತಲೆಯ ಮೇಲಿಂದ ಸೊಂಟದ ಮಟ್ಟದ ಲೋಟಕ್ಕೆ ಸುರಿಯುತ್ತಾರೆ. ಅವರ ಆ ಸಂಸ್ಕೃತಿಯನ್ನು ಯುನೆಸ್ಕೋ 2024ರಲ್ಲಿ ತನ್ನ ಪಟ್ಟಿಗೂ ಸೇರಿಸಿದೆ. ಅವರ ಉದ್ದೇಶ ಸಪ್ಪಗಿರುವ ಸೈಡರಿನಲ್ಲಿ ಕ್ಷಣಕಾಲ ನೊರೆ ಎಬ್ಬಿಸುವುದು, ನನ್ನದು ಇರುವ ಗಾಳಿಯನ್ನು ಓಡಿಸುವುದು. ಹತ್ತು ನಿಮಿಷ ಹಾಗೇ ಇಟ್ಟು ಕುಡಿದರೆ ರುಚಿ ತುಸು ಮಂಕು, ಆದರೆ ಸೇಬಿನ ಪರಿಮಳ ಹೆಚ್ಚು. ಅಂಕ: ಒಂದು, ಸೊನ್ನೆ, ಒಂದು.

ಕಾರಣ ಸರಳವಾಗಿದೆ. ಸೈಡರಿನ ಪಿಎಚ್, ಅಂದರೆ ಹುಳಿಯ ಅಳತೆ, ಸುಮಾರು 3ರಿಂದ 4; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಜಠರದ ಆಮ್ಲ ಅದಕ್ಕಿಂತ ಎಷ್ಟೋ ಪಟ್ಟು ತೀಕ್ಷ್ಣ. ಹುಣ್ಣಾದ ಅನ್ನನಾಳಕ್ಕೆ ಸೇಬಿನ ಮ್ಯಾಲಿಕ್ ಆಮ್ಲವೂ ಉರಿಯೇ, ಸುಳ್ಳಲ್ಲ. ಆದರೆ ನಡುರಾತ್ರಿ ಮೇಲೆ ಬರುವುದು ಸೇಬಿನ ಹುಳಿಯಲ್ಲ, ನನ್ನದೇ ಹೊಟ್ಟೆಯ ಹುಳಿ. ಅನ್ನನಾಳದ ತಳದಲ್ಲಿ ಬಾಗಿಲಿನಂಥ ಒಂದು ಸ್ನಾಯುವಿದೆ. ಮದ್ಯ ಅದನ್ನು ಸಡಿಲಿಸುತ್ತದೆ. ಗುಳ್ಳೆಯ ಗಾಳಿ ಹೊಟ್ಟೆಯನ್ನು ಉಬ್ಬಿಸಿ, ಅದೇ ಬಾಗಿಲನ್ನು ಒಳಗಿನಿಂದ ತೆರೆಸುತ್ತದೆ. ಕರಿದದ್ದು ಹೊಟ್ಟೆಯಿಂದ ಬೇಗ ಕೆಳಗಿಳಿಯುವುದಿಲ್ಲ. ಮೂರನ್ನೂ ಒಟ್ಟಿಗೆ ತುಂಬಿಕೊಂಡು ಹೋಗಿ ಮಲಗಿಬಿಟ್ಟರೆ ಮತ್ತೇನಾಗಬೇಕು?

ಆಮೇಲೆ ಹೊತ್ತನ್ನೂ ಬದಲಿಸಿದೆ. ರಾತ್ರಿ ಎಂಟರ ಬದಲು ಮಧ್ಯಾಹ್ನ ಒಂದಕ್ಕೆ, ರವಾ ಫ್ರೈ ಬದಲು ಅನ್ನ ಸಾರಿನ ನಡುವೆ, ಗಾಳಿ ತೆಗೆದ ಡ್ರೈ ಸೈಡರ್, ಅದೂ ಅರ್ಧ ಬಾಟಲಿ. ಉಳಿದರ್ಧ ಖಾನಾವಳಿಯ ಪಾಲು. ಮೂರಕ್ಕೆ ಮೂರೂ ಸೊನ್ನೆ. ಪೂರ್ತಿ ಬಾಟಲಿ ಕುಡಿದ ನಾಲ್ಕನೆಯ ಮಧ್ಯಾಹ್ನ ಒಂದು ಅಂಕ ಬಂತು. ನನ್ನ ಮಿತಿ ಎಲ್ಲಿದೆಯೆಂದು ಅಂದು ಗೊತ್ತಾಯಿತು. ಪೇರ್ ಹಣ್ಣಿನ ಸೈಡರನ್ನು ಒಮ್ಮೆ ಕುಡಿದು ನೋಡಿ ಕೈಬಿಟ್ಟೆ. ಆ ಹಣ್ಣಿನಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿ ಅಂಶವನ್ನು ಯೀಸ್ಟ್ ತಿನ್ನುವುದಿಲ್ಲ, ನನ್ನ ಕರುಳೂ ಒಪ್ಪಲಿಲ್ಲ.

ಈ ನಡುವೆ ಶಿರಸಿಗೆ ಹೋದಾಗ ಅಕ್ಕ ಕೇಳಿದಳು: “ತಮ್ಮಾ, ಸೇಬಿನ ಹುಳಿ ಕುಡಿಯಲು ಗೋವಾಕ್ಕೆ ಹೋಗುತ್ತೀಯಂತೆ. ಮನೆಯ ಅಪ್ಪೆಹುಳಿ ಏನು ಪಾಪ ಮಾಡಿದೆ?” ಸರಿ, ಅದನ್ನೂ ಪಂದ್ಯಕ್ಕೆ ಇಳಿಸಿದೆ. ಅಪ್ಪೆ ಎಂಬ ಪರಿಮಳದ ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ಧಾರಾಳ ಸೇರಿಸಿ, ಉಪ್ಪು ಹಾಕಿ, ಸಾಸಿವೆ, ಇಂಗು, ಮೆಣಸಿನಕಾಯಿಯ ಒಗ್ಗರಣೆ ಕೊಡುತ್ತಾಳೆ. ಆ ಸೊನೆಯ ಪರಿಮಳದ ಮುಂದೆ ಯಾವ ದೇಶದ ಸೈಡರೂ ನಿಲ್ಲುವುದಿಲ್ಲ. ಇದರಲ್ಲಿ ನನಗೆ ಪಕ್ಷಪಾತವಿದೆ, ಇರಲಿ. ಮದ್ಯವಿಲ್ಲ, ಗುಳ್ಳೆಯಿಲ್ಲ, ಗೆಲ್ಲಬೇಕಿತ್ತು. ಮೊದಲ ದಿನವೇ ಎರಡು ಅಂಕ! ಊಟದ ಕೊನೆಗೆ ಎರಡು ಲೋಟ ಕುಡಿದರೆ ಕಣ್ಣು ಎಳೆಯುತ್ತದೆ, ಹಾಸಿದ ಚಾಪೆ ಕರೆಯುತ್ತದೆ, ಹೋಗಿ ಅಂಗಾತ ಬಿದ್ದುಕೊಂಡಿದ್ದೆ. ಮರುದಿನ ಕುಡಿದ ಮೇಲೆ ಅಡಿಕೆ ಚಪ್ಪರದ ಕೆಳಗೆ ಕೂತು, ಭಾವನ ಜೊತೆ ಸಂಜೆಯವರೆಗೆ ಹರಟಿದೆ. ಸೊನ್ನೆ. ಮೂರನೆಯ ದಿನ ಖಾರ ಕಡಿಮೆ ಮಾಡಿಸಿದೆ. ಮತ್ತೆ ಸೊನ್ನೆ. ಖಾರವಿಲ್ಲದ ಅಪ್ಪೆಹುಳಿ ಎಂದರೆ ಏನರ್ಥ ಎಂದು ಅಕ್ಕ ಈಗಲೂ ಕೇಳುತ್ತಾಳೆ.

ಪಿತ್ತಕ್ಕೆ ಮುರುಗಲು (ಕೋಕಂ) ಒಳ್ಳೆಯದು ಎನ್ನುವವರು ಕರಾವಳಿಯುದ್ದಕ್ಕೂ ಸಿಗುತ್ತಾರೆ. ಜೀರಿಗೆ, ಬೆಲ್ಲ ಹಾಕಿದ ಮುರುಗಲಿನ ಪಾನಕ ನನಗೆ ಒಗ್ಗಿತು. ಕಾರವಾರದ ಊಟದ ಕೊನೆಗೆ ಬರುವ, ಮುರುಗಲಿಗೆ ತೆಂಗಿನಹಾಲು ಬೆರೆಸಿದ ಸೋಲಕಡಿ ಒಗ್ಗಲಿಲ್ಲ. ತೆಂಗಿನಹಾಲು ತಂಪು, ನಿಜ. ಅದರಲ್ಲಿರುವ ಹಸಿ ಬೆಳ್ಳುಳ್ಳಿ ಮಾತ್ರ ಸಂಜೆಯವರೆಗೂ ನನ್ನ ಜೊತೆ ಮಾತಾಡುತ್ತಿರುತ್ತದೆ.

ಕುಡಿಯುವುದಕ್ಕೆ ಸಂಬಂಧವಿಲ್ಲದ ಒಂದು ಬದಲಾವಣೆಯನ್ನು ಪರೀಕ್ಷೆಯ ಕೊನೆಯಲ್ಲಿ ಮಾಡಿದೆ. ಮೊದಲೇ ಮಾಡಿದ್ದರೆ ಲೆಕ್ಕವೆಲ್ಲ ತಿರುವುಮುರುವಾಗುತ್ತಿತ್ತೇನೋ. ಮಂಚದ ತಲೆಯ ಕಡೆಯ ಎರಡು ಕಾಲುಗಳಿಗೆ ಬಡಗಿಯಿಂದ ಆರು ಇಂಚಿನ ಮರದ ತುಂಡು ಕೊಡಿಸಿದೆ. ಅದಕ್ಕೂ ಮೊದಲು ದಿಂಬಿನ ಮೇಲೆ ದಿಂಬು ಪೇರಿಸುತ್ತಿದ್ದೆ. ಅದರಿಂದ ಕತ್ತು ನೋಯುತ್ತದೆ, ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ, ಅಷ್ಟೇ. ಎಡ ಮಗ್ಗುಲಲ್ಲಿ ಮಲಗಿದರೆ ಜಠರ ಅನ್ನನಾಳಕ್ಕಿಂತ ಕೆಳಗಿರುತ್ತದೆ ಎಂದು ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರು. ಇಳಿಜಾರಾದ ಮಂಚದಿಂದ ತಾನು ರಾತ್ರಿಯಿಡೀ ಕಾಲಿನ ಕಡೆ ಜಾರುತ್ತೇನೆ ಎಂಬ ದೂರು ಹೆಂಡತಿಯದು. ಒಳ್ಳೆಯ ನಿದ್ದೆ ನನಗೆ, ಅದರ ಬಾಡಿಗೆ ಅವಳಿಗೆ.

ಕೊನೆಯ ಸ್ಪರ್ಧಿಯನ್ನು ಕಳಿಸಿದ್ದು ಮಗಳು: ಆ್ಯಪಲ್ ಸೈಡರ್ ವಿನೆಗರ್. ಎದೆಯುರಿಗೆ ರಾಮಬಾಣವಂತೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ. ಅದು ಮದ್ಯಾಂಶವೂ ಹುಳಿತು ಅಸಿಟಿಕ್ ಆಮ್ಲವಾದ ಸೈಡರ್. ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ. ಮೂರು ಬೆಳಿಗ್ಗೆ ನೀರಿನಲ್ಲಿ ಬೆರೆಸಿ ಕುಡಿದೆ, ಮೂರು ಬೆಳಿಗ್ಗೆಯೂ ಗಂಟಲು ಉರಿಯಿತು, ಸಂಜೆಯ ತೇಗಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ. ಬಾಟಲಿ ಈಗ ಅಡುಗೆಮನೆಯಲ್ಲಿದೆ. ನೀರು ಕಾಯಿಸುವ ಪಾತ್ರೆಯ ಬಿಳಿ ಕರೆಯನ್ನು ಹೆಂಡತಿ ಅದರಿಂದ ತೆಗೆಯುತ್ತಾಳೆ. ಪಾತ್ರೆ ಫಳಫಳ ಹೊಳೆಯುತ್ತಿದೆ.