ಶರಾವತಿ ಕಣಿವೆ: ಊರ ಹೋಂಸ್ಟೇಯೋ, ಹೊಳೆದಂಡೆ ರೆಸಾರ್ಟೋ?

ಜನರೇಟರ್, ಸದಾ ಬಿಸಿನೀರು ಬೇಕೇ ಬೇಕು ಅನ್ನುವವರಿಗೆ ರೆಸಾರ್ಟೇ ಸರಿ. ಕಾಡು ನೋಡಬೇಕೆಂದರೆ ಹೋಂಸ್ಟೇ ಹಿಡಿಯಿರಿ. ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ, ಟಾರ್ಚ್ ಇರಲಿ. ಅಡುಗೆಯವರು, ಗೈಡ್ ಊರಿನವರೇ ಆದರೆ ದುಡ್ಡು ಅಲ್ಲೇ ಉಳಿಯುತ್ತದೆ, ಕಾಡು ಉಳಿದಷ್ಟೂ ಅವರಿಗೇ ಲಾಭ. ಎಲ್ಲ ಹೋಂಸ್ಟೇಗಳೂ ಹೀಗಲ್ಲ ಬಿಡಿ, ಬೋರ್ಡಷ್ಟೇ ಊರಿನದು, ಮಾಲೀಕರು ಬೆಂಗಳೂರಿನಲ್ಲಿರುವುದೂ ಉಂಟು. ಬುಕ್ ಮಾಡುವಾಗಲೇ ಕೇಳಿ: ಗೈಡ್ ಯಾವೂರಿನವರು? ಬಚ್ಚಲ ನೀರು ಇಂಗುಗುಂಡಿಗೋ, ಹೊಳೆಗೋ? ಅಭಯಾರಣ್ಯದೊಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಇದೆಯೋ?

ಬಲ್ಲ ಗೈಡ್ ರಾಮಪತ್ರೆ ಜಡ್ಡಿಯ (ರಾಮಪತ್ರೆ ಮರಗಳು ಬೆಳೆಯುವ ಜೌಗು ಕಾಡು) ಅಂಚಿನಲ್ಲೇ ನಿಲ್ಲಿಸುತ್ತಾರೆ. ಕೆಸರಿನಿಂದ ಮಡಿಸಿದ ಮಂಡಿಯಂತೆ ಮೇಲೆದ್ದ ಬೇರುಗಳಿಂದಲೇ ಆ ಮರಗಳು ಉಸಿರಾಡುವುದು, ತುಳಿದರೆ ಪೆಟ್ಟು. ಸಿಂಗಳೀಕಕ್ಕೆ ಬಾಳೆಹಣ್ಣು ಎಸೆಯುವವರ ಜತೆ ಹೋಗಲೇಬೇಡಿ. ರುಚಿ ಹತ್ತಿದರೆ ಅದು ಮರದಿಂದ ರಸ್ತೆಗಿಳಿದು ಗಾಡಿಗೆ ಸಿಗುತ್ತದೆ. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೊಗೆಸೊಪ್ಪು, ಸುಣ್ಣ ಸಾಕು.